ಕೇಳದೆ ಸಿಗಬೇಕಾದ ಪುಸ್ತಕಗಳು

ಮಾಲೀಕರ ಬಲಗೈಯೂ ಮಾತೂ ಒಂದೇ ಬೆಳಿಗ್ಗೆ ನಿಂತುಹೋದವು. ಅಂಗಡಿಯ ಬಾಗಿಲು ತೆಗೆಯಲು ಬಗ್ಗಿದವರು ಮತ್ತೆ ನೆಟ್ಟಗೆ ನಿಲ್ಲಲಿಲ್ಲ. ಲಕ್ವ ಹೊಡೆದಿದೆ ಎಂದರು ಡಾಕ್ಟರು. ಜೀವಕ್ಕೆ ಅಪಾಯವಿಲ್ಲ, ಆದರೆ ಮಾತು ಬರುವುದು ಯಾವಾಗ ಎಂದು ಹೇಳಲಾಗದು ಎಂದರು. ಆಗ ಏಪ್ರಿಲ್ ಕೊನೆಯ ವಾರ. ಜೂನ್‌ನಲ್ಲಿ ಶಾಲೆಗಳು ತೆರೆಯುತ್ತವೆ. ಶಹಾಬಾದಿನ ಪೇಟೆಯಲ್ಲಿ, ಸ್ಟೇಷನ್ ಕಡೆಗೆ ಹೋಗುವ ದಾರಿಯಲ್ಲಿ ಇದ್ದ ಆ ಪುಸ್ತಕದ ಅಂಗಡಿಯಲ್ಲಿ ಮಾಲೀಕರನ್ನು ಬಿಟ್ಟರೆ ಇದ್ದವನು ನಾನೊಬ್ಬನೇ. ನಾನು ಅಲ್ಲಿಗೆ ಬಂದು ಏಳು ತಿಂಗಳಾಗಿತ್ತು.

ಅದಕ್ಕೂ ಮೊದಲು ನಾನು ಸೇಡಂನ ಒಂದು ಸಣ್ಣ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಮುದ್ರಣಾಲಯ ಮುಚ್ಚಿತು. ಸೀಸದ ಆ ಅಕ್ಷರಮೊಳೆಗಳನ್ನು ಗುಜರಿಗೆ ತೂಕಕ್ಕೆ ಹಾಕಿದರು. ನಾನು ವಾಡಿಯಲ್ಲಿ ಗಾಡಿ ಬದಲಿಸಿ ಶಹಾಬಾದಿಗೆ ಬಂದೆ. ಮಾಲೀಕರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಓದಲಿಕ್ಕೆ ಬರುತ್ತದೆಯೇ? ಕನ್ನಡ, ಮರಾಠಿ, ಹಿಂದಿ ಬರುತ್ತದೆ, ಉರ್ದು ಮಾತಾಡುತ್ತೇನೆ ಆದರೆ ಓದಲಾರೆ ಎಂದಿದ್ದೆ.

ಆ ಅಂಗಡಿಯಲ್ಲಿ ಸುಮಾರು ಮೂರು ಸಾವಿರ ಪುಸ್ತಕಗಳಿದ್ದವು. ನೆಲದಿಂದ ಅಟ್ಟದವರೆಗೆ ಮೂರು ಗೋಡೆಗಳಿಗೂ ಶಹಾಬಾದಿನ ಕಲ್ಲಿನ ಹಾಸುಗಳನ್ನೇ ನೆಟ್ಟು ಖಾನೆ ಮಾಡಿದ್ದರು. ಮುಂದೆ ಒಂದು ಉದ್ದನೆಯ ತೇಗದ ಕೌಂಟರ್. ಗಿರಾಕಿ ಅದರ ಆಚೆ, ಬಿಸಿಲಲ್ಲಿ ನಿಂತು ಕೇಳಬೇಕು. ಮಾಲೀಕರು ತಲೆ ಎತ್ತದೆ ಕೈ ಚಾಚಿ ಪುಸ್ತಕ ತೆಗೆದುಕೊಡುತ್ತಿದ್ದರು. ವ್ಯಾಕರಣದ ಪಕ್ಕದಲ್ಲಿ ಹೋಮಿಯೋಪಥಿ, ಅದರ ಪಕ್ಕದಲ್ಲಿ ಪಂಚಾಂಗ, ಮೇಲೊಂದು ಉರ್ದು ಕಾದಂಬರಿ. ಅದರಲ್ಲಿ ಏನು ಕ್ರಮವಿದೆ ಎಂದು ನಾನು ಒಮ್ಮೆ ಕೇಳಿದ್ದೆ. ನಕ್ಕು, ಹಣೆಯ ಮೇಲೆ ಬೆರಳಿಟ್ಟು ತೋರಿಸಿದ್ದರು. ಈಗ ಆ ಹಣೆಯೊಳಗೆ ಇದ್ದದ್ದು ಹೊರಗೆ ಬರುವ ದಾರಿ ಮುಚ್ಚಿತ್ತು.

ಮೂರನೆಯ ದಿನ ಚಿತ್ತಾಪುರದಿಂದ ಒಬ್ಬ ಶಿಕ್ಷಕರು ಬಂದು ಹಳಗನ್ನಡ ವ್ಯಾಕರಣ ಕೇಳಿದರು. ಅದು ಅಂಗಡಿಯಲ್ಲಿ ಇದೆಯೆಂದು ನನಗೆ ಖಚಿತವಾಗಿ ಗೊತ್ತಿತ್ತು, ನಾನೇ ಅದರ ಧೂಳು ಒರೆಸಿದ್ದೆ. ಒಂದು ತಾಸು ಹುಡುಕಿದೆ. ಅವರ ಗಾಡಿಯ ಹೊತ್ತಾಯಿತು, ಹೋದರು. ಅವರು ಹೋದ ಮೇಲೆ ಭೂಪಟಗಳ ಹಿಂದೆ ಸಿಕ್ಕಿತು.

ಅದೇ ವಾರ ಮಾಲೀಕರ ಅಳಿಯ ಬಂದರು. ವಾಡಿಯಲ್ಲಿ ಅವರಿಗೆ ಕಬ್ಬಿಣ ಸಾಮಾನಿನ ಅಂಗಡಿ ಇತ್ತು. ಕೆಟ್ಟ ಮನುಷ್ಯರಲ್ಲ. ಮಾವನ ಔಷಧಿಯನ್ನೆಲ್ಲ ಅವರೇ ನೋಡಿಕೊಳ್ಳುತ್ತಿದ್ದರು. ಕೌಂಟರಿನ ಮೇಲೆ ಕೈಯೂರಿ ಸುತ್ತ ನೋಡಿ ಹೇಳಿದರು:

“ಶಾಲಿ ಪುಸ್ತಕ ಅಷ್ಟ ಮಾರ್ರಿ. ಉಳಿದದ್ದು ಯಾವ್ದು ಎಲ್ಲ್ಯಾದ ಅಂತ ಯಾರಿಗೂ ಗೊತ್ತಿಲ್ಲ. ಸುಗ್ಗಿ ಮುಗಿದ ಮ್ಯಾಲ ರದ್ದಿಗೆ ಹಾಕಿ, ಇಲ್ಲಿ ಪೈಪು-ನಳ ಇಡೂಣು.”

ತೂಕಕ್ಕೆ ಹೋದ ಮೊಳೆಗಳನ್ನು ನಾನು ಒಮ್ಮೆ ನೋಡಿದ್ದೆ. ಇನ್ನೊಮ್ಮೆ ನೋಡಲು ಮನಸ್ಸಿರಲಿಲ್ಲ. ಶಾಲೆ ಶುರುವಾಗಿ ಒಂದು ತಿಂಗಳಾಗುವವರೆಗೆ ಬಿಡಿ, ಅಷ್ಟರಲ್ಲಿ ಯಾವ ಪುಸ್ತಕ ಕೇಳಿದರೂ ಸಿಗುವ ಹಾಗೆ ಮಾಡುತ್ತೇನೆ ಎಂದೆ. ಅವರು ಒಪ್ಪಿದರು, ನಂಬಿ ಅಲ್ಲ, ಹೇಗೂ ಆಗುವುದಿಲ್ಲವೆಂದು.

ನಾಲ್ಕು ದಿನ ಅಂಗಡಿ ಮುಚ್ಚಿದೆ. ಎಲ್ಲ ಪುಸ್ತಕ ಕೆಳಗಿಳಿಸಿದೆ. ಊರಾಚೆಯ ಕಲ್ಲುಗಣಿಯ ಬಿಳಿ ಧೂಳು ಪ್ರತಿ ಹೊದಿಕೆಯ ಮೇಲೂ ಹಿಟ್ಟಿನಂತೆ ಕೂತಿತ್ತು. ತಳದ ಖಾನೆಯಲ್ಲಿ ಗೆದ್ದಲು ಒಂದು ಸಾಲು ಪುಸ್ತಕವನ್ನು ಒಳಗಿಂದ ತಿಂದು ಬರೀ ರಟ್ಟು ಉಳಿಸಿತ್ತು. ಕಲ್ಲನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಒಣಗಲು ಬಿಟ್ಟು, ಬೇವಿನ ಎಲೆ ಹಾಸಿದೆ. ಮುದ್ರಣಾಲಯದಿಂದ ತಂದಿದ್ದ ಹಳೆಯ ಕರಡು ಹಾಳೆಗಳನ್ನು ಅಂಗೈಯಗಲ ಕತ್ತರಿಸಿ, ಅವುಗಳ ಹಿಂಬದಿಯಲ್ಲಿ ಒಂದು ಪುಸ್ತಕಕ್ಕೆ ಒಂದು ಚೀಟಿ ಬರೆದೆ: ಹೆಸರು, ಭಾಷೆ, ಎಷ್ಟು ಪ್ರತಿ.

ಉರ್ದು ಪುಸ್ತಕಗಳ ಮುಂದೆ ಕೈ ನಿಂತಿತು. ಅಂಗಡಿಯ ಹಿಂದೆಯೇ ಮಾಲೀಕರ ಮನೆ. ನಡುವಿನ ಬಾಗಿಲಿಗೆ ಒಂದು ಪರದೆ. ಅದರ ಆಚೆ ಮಾಲೀಕರ ಹೆಂಡತಿ, ನಾನು ಅಮ್ಮಾ ಎನ್ನುತ್ತಿದ್ದವರು, ಸ್ಟೂಲು ಹಾಕಿಕೊಂಡು ಕೂತರು. ನಾನು ಹತ್ತತ್ತು ಪುಸ್ತಕ ಪರದೆಯ ಕೆಳಗೆ ಸರಿಸುತ್ತಿದ್ದೆ. ಅವರು ಹೆಸರು ಓದಿ, ಒಳಗೆ ಏನಿದೆ ಎಂದು ಒಂದು ಮಾತು ಹೇಳುತ್ತಿದ್ದರು. ನಾನು ಅದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ. ಎರಡು ದಿನ ಹೀಗೆ ನಡೆಯಿತು. ಅವರ ದನಿ ಒಮ್ಮೆಯೂ ಬೇಸರಗೊಳ್ಳಲಿಲ್ಲ.

ನಂತರ ನಾನು ಮೊದಲ ತಪ್ಪು ಮಾಡಿದೆ. ಪುಸ್ತಕಗಳನ್ನು ಭಾಷೆಯಂತೆ ಬೇರೆ ಮಾಡಿ, ಒಂದೊಂದು ಭಾಷೆಯೊಳಗೆ ಅಕಾರಾದಿಯಾಗಿ ಜೋಡಿಸಿದೆ. ನೋಡಲು ಅಚ್ಚುಕಟ್ಟಾಗಿತ್ತು. ಆದರೆ ಕಲ್ಲಿನ ಖಾನೆಗಳ ಎತ್ತರ ಬದಲಿಸಲು ಬರುವುದಿಲ್ಲ. ‘ಭ’ದಲ್ಲಿ ಬಂದ ಭೂಪಟ ನಿಲ್ಲದೆ ಅಡ್ಡ ಮಲಗಬೇಕಾಯಿತು, ಅದರ ಮೇಲೆ ಇನ್ನೊಂದು ಮಲಗಿತು, ಸಾಲು ಕೆಟ್ಟಿತು. ಅದಕ್ಕಿಂತ ದೊಡ್ಡ ತೊಡಕು ಗಿರಾಕಿಗಳಿಂದ ಬಂತು. ಯಾರೂ ಪುಸ್ತಕದ ಹೆಸರು ಹೇಳುತ್ತಿರಲಿಲ್ಲ. ಕಾರ್ಖಾನೆಯ ಒಬ್ಬ ಕಾರ್ಮಿಕ ಬಂದು, ವೈರ್‌ಮನ್ ಪರೀಕ್ಷೆಗೆ ಕಟ್ಟಬೇಕು, ಯಾವ ಭಾಷೆಯದ್ದಾದರೂ ಸರಿ ಎಂದ. ಕನ್ನಡದ ಗೋಡೆ, ಹಿಂದಿಯ ಗೋಡೆ, ಉರ್ದುವಿನ ಗೋಡೆ ಮೂರೂ ಹುಡುಕಿದೆ. ವೈರ್‌ಮನ್ ಎಂಬ ಮಾತು ಯಾವ ಹೆಸರಿನ ಮೊದಲಲ್ಲೂ ಇರಲಿಲ್ಲ.

ಎರಡನೆಯ ಬಾರಿ ನನ್ನ ಹಳೆಯ ಕಸುಬಿನ ಬುದ್ಧಿ ಓಡಿಸಿದೆ. ಅಚ್ಚುಮೊಳೆಗಳ ಪೆಟ್ಟಿಗೆಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಇರುವುದಿಲ್ಲ. ಹೆಚ್ಚು ಬೇಕಾಗುವ ಅಕ್ಷರ ಕೈಗೆ ಹತ್ತಿರ, ಅಪರೂಪದ್ದು ಮೂಲೆಯಲ್ಲಿ. ಹಾಗೆಯೇ ಶಾಲಾ ಪುಸ್ತಕಗಳನ್ನು ಸೊಂಟದಿಂದ ಹೆಗಲಿನ ಎತ್ತರದ ಖಾನೆಗಳಿಗೆ ತಂದೆ, ತರಗತಿಯಂತೆ, ಒಂದೊಂದು ತರಗತಿಯಲ್ಲಿ ಮೂರು ಮಾಧ್ಯಮ ಪಕ್ಕಪಕ್ಕದಲ್ಲಿ. ಉಳಿದದ್ದು ಮೇಲೆ ಮತ್ತು ಕೆಳಗೆ. ಜೂನ್ ಬಂತು. ಕೌಂಟರಿನ ಮುಂದೆ ನಾಲ್ಕು ಸಾಲು ಜನ. ನನ್ನ ಕೈ ನೋಡದೆಯೇ ಹೋಗಿ ಪುಸ್ತಕ ಹಿಡಿದು ಬರುತ್ತಿತ್ತು. ಮಾಲೀಕರಂತೆಯೇ ಆದೆ ಎಂದು ಒಳಗೊಳಗೆ ಹೆಮ್ಮೆಪಟ್ಟೆ.

ಆದರೆ ಶಾಲಾ ಪುಸ್ತಕ ಬಿಟ್ಟು ಬೇರೇನೂ ಕದಲುತ್ತಿರಲಿಲ್ಲ. ಅಳಿಯ ರದ್ದಿಗೆ ಹಾಕಬೇಕೆಂದದ್ದು ಆ ಕದಲದ ಪುಸ್ತಕಗಳನ್ನೇ. ಒಂದು ತಿಂಗಳಲ್ಲಿ ಎರಡು ವಾರ ಆಗಲೇ ಕಳೆದಿದ್ದವು.

ಆಗ ಒಬ್ಬ ಹೆಣ್ಣುಮಗಳು ಬರತೊಡಗಿದಳು. ಇಪ್ಪತ್ತೆರಡು-ಇಪ್ಪತ್ತಮೂರರ ವಯಸ್ಸು, ಗುಂಡಗುರ್ತಿ ಕಡೆಯಿಂದ ಮದುವೆಯಾಗಿ ಬಂದವಳೆಂದು ಮಾತಿನಲ್ಲಿ ತಿಳಿಯಿತು. ಮೊದಲ ದಿನ ಕೌಂಟರಿನ ಮುಂದೆ ನಿಂತು ಖಾನೆಗಳನ್ನು ನೋಡಿದಳು. ಏನು ಬೇಕೆಂದು ಕೇಳಿದೆ. ಸುತ್ತ ಗಂಡಸರಿದ್ದರು. ಒಂದು ನೋಟ್‌ಬುಕ್ ಕೊಡಿ ಎಂದಳು. ಎರಡು ದಿನ ಬಿಟ್ಟು ಮತ್ತೆ ಬಂದಳು, ಮತ್ತೆ ಒಂದು ನೋಟ್‌ಬುಕ್. ಮೂರನೆಯ ಸಲವೂ ಅದೇ. ನಾನು ಪುಸ್ತಕ ತೆಗೆಯಲು ತಿರುಗಿದಾಗೆಲ್ಲ ಅವಳ ಕಣ್ಣು ಮೇಲಿನ ಖಾನೆಗಳ ಮೇಲೆ ಓಡಾಡುತ್ತಿತ್ತು. ನನಗೆ ಅರ್ಥವಾಗಲಿಲ್ಲ.

ಆ ಮಧ್ಯಾಹ್ನ ಪರದೆಯ ಆಚೆಯಿಂದ ಅಮ್ಮ ಕರೆದರು.

“ಆ ಹೆಣ್ಣುಮಗಳಿಗೆ ನೋಟ್‌ಬುಕ್ ಬ್ಯಾಡಾಗ್ಯದಪ್ಪ. ಹಿತ್ತಲ ಬಾಗಲಿಗೆ ಬಂದಿದ್ಲು. ಮೂರು ತಿಂಗಳ ಬಸುರಿ. ಎರಡು ಸಲ ಹೋಗ್ಯದಂತ. ಹೆಂಗ ಇರಬೇಕು, ಏನ್ ತಿನ್ನಬೇಕು, ಅಂಥ ಪುಸ್ತಕ ಬೇಕಂತ. ನಿನಗ ಹೆಂಗ ಕೇಳ್ಯಾಳು?”

ಪುಸ್ತಕ ಇದೆ, ಮೇಲಿನ ಖಾನೆಯಲ್ಲಿ ನಾನೇ ಇಟ್ಟಿದ್ದೇನೆ ಎಂದೆ.

“ಅದ ಹೇಳ್ಲಿಕತ್ತೀನಿ. ಅವರು ಅಂಥಾವು ಅಲ್ಲಿ ಇಡತಿದ್ದಿಲ್ಲ. ಪಟ್ಟಿಗಿ ಒಳಗ ಹಾಕಿ ನನ್ನ ಕಡಿ ಇಡತಿದ್ರು. ಹೆಣ್ಣುಮಕ್ಕಳು ಹಿತ್ತಲಿಗೆ ಬಂದು ಒಯ್ಯತಿದ್ರು. ನೀ ಎಲ್ಲಾ ತಗದು ಜೋಡಿಸಿದಿ. ನಾ ಸುಮ್ಮನಿದ್ದೆ.”

ಧೂಳು ಒರೆಸುವಾಗ ಪರದೆಯ ಬಳಿ ಇದ್ದ ಒಂದು ತಗಡಿನ ಪೆಟ್ಟಿಗೆ ತೆರೆದು, ಅದರಲ್ಲಿದ್ದ ಪುಸ್ತಕಗಳನ್ನು ಯಾರೋ ತಪ್ಪಿ ಇಟ್ಟದ್ದೆಂದು ಸಾಲಿಗೆ ಸೇರಿಸಿದವನು ನಾನೇ. ಪತ್ರ ಬರೆಯುವ ಪುಸ್ತಕ ಪೋಸ್ಟ್‌ಕಾರ್ಡುಗಳ ಪಕ್ಕದಲ್ಲಿ ಇತ್ತು. ಅದನ್ನೂ ಎತ್ತಿ ‘ಪ’ಕ್ಕೆ ಹಾಕಿದ್ದೆ. ವ್ಯಾಕರಣದ ಪಕ್ಕದಲ್ಲಿ ಹೋಮಿಯೋಪಥಿ ಏಕೆ ಇತ್ತೆಂದು ಈಗ ಹೊಳೆಯಿತು: ಎರಡನ್ನೂ ಒಯ್ಯುತ್ತಿದ್ದವರು ಶಾಲಾ ಮಾಸ್ತರರೇ. ನಾನು ಅಡ್ಡಾದಿಡ್ಡಿ ಎಂದುಕೊಂಡದ್ದು ಜನರ ಕ್ರಮವಾಗಿತ್ತು. ನಾನು ಮಾಡಿದ ಎರಡೂ ಜೋಡಣೆ ನನ್ನ ಕಣ್ಣಿಗೆ, ನನ್ನ ಕೈಗೆ ಅನುಕೂಲವಾದವು. ಮೊಳೆಯ ಪೆಟ್ಟಿಗೆಯ ಮುಂದೆ ಜೋಡಿಸುವವನು ಮಾತ್ರ ನಿಲ್ಲುತ್ತಾನೆ, ಅಲ್ಲಿ ಅದು ಸರಿ. ಇಲ್ಲಿ ನಿಲ್ಲಬೇಕಾದವರು ಬೇರೆಯವರು.

ಮಾಲೀಕರ ತಲೆಯೊಳಗಿನದನ್ನು ಮತ್ತೆ ಕಟ್ಟಲು ನನ್ನಿಂದಾಗದು. ಇಡೀ ತಾಲೂಕಿನ ಮುಖಗಳನ್ನು ಅವರು ಮೂವತ್ತು ವರ್ಷದಿಂದ ಬಲ್ಲವರು. ಹಾಗಾದರೆ ಮಾಡಬಹುದಾದದ್ದು ಒಂದೇ: ಜನರನ್ನು ಒಳಗೆ ಬಿಡುವುದು. ಪುಸ್ತಕ ಕೇಳಲು ಬಾಯಿ ಬರದವರು ತಾವೇ ಹೋಗಿ ತೆಗೆದುಕೊಳ್ಳಲಿ. ಕೌಂಟರ್ ಎತ್ತಿಬಿಡಬೇಕು.

ಮರುದಿನ ಅಮ್ಮನನ್ನು ಕೇಳಿದೆ. ಅವರು ಒಳಗೆ ಹೋಗಿ ಮಾಲೀಕರ ಬಳಿ ಕೂತು ಹೇಳಿದರಂತೆ. ಮಾಲೀಕರು ಕಣ್ಣು ಮುಚ್ಚಿ ತೆರೆದರು, ಅದನ್ನು ಹೂಂ ಎಂದು ತಿಳಿದೆ ಎಂದರು ಅಮ್ಮ. ಸ್ಟೇಷನ್‌ನಿಂದ ಇಬ್ಬರು ಹಮಾಲರನ್ನು ಕರೆತಂದೆ. ತೇಗದ ಕೌಂಟರ್ ಕದಲಲು ಅರ್ಧ ದಿನ ಹಿಡಿಯಿತು. ಅದನ್ನು ಬಾಗಿಲ ಎಡಗೋಡೆಗೆ ಒತ್ತಿ ಇಟ್ಟೆವು. ಅಂಗಡಿಯ ನಡುವೆ ಮೊದಲ ಬಾರಿಗೆ ನೆಲ ಕಾಣಿಸಿತು.

ಮೂರನೆಯ ಬಾರಿ ಪುಸ್ತಕ ಕೆಳಗಿಳಿಸಿದೆ. ಈ ಸಲ ಚೀಟಿಗಳನ್ನು ನೆಲದ ಮೇಲೆ ಹರಡಿ, ಒಂದೊಂದನ್ನು ಹಿಡಿದು ಇದನ್ನು ಯಾರು, ಯಾವ ಕೆಲಸಕ್ಕೆ ಒಯ್ಯುತ್ತಾರೆ ಎಂದು ಕೇಳಿಕೊಂಡೆ. ವೈರಿಂಗ್, ಡೀಸೆಲ್ ಯಂತ್ರ, ಹೊಲಿಗೆ, ಲಾರಿ ಲೈಸೆನ್ಸು ಎಲ್ಲ ‘ಕೆಲಸ ಕಲಿಯಲು’ ಎಂಬ ಒಂದೇ ಗೋಡೆಗೆ ಬಂದವು, ಭಾಷೆ ಯಾವುದಾದರೂ ಇರಲಿ. ಎಮ್ಮೆ, ಕೋಳಿ, ತೊಗರಿ, ಬಾವಿ ಇನ್ನೊಂದು ಕಡೆ. ಕಥೆ-ಕಾದಂಬರಿಗೆ ಬಂದಾಗ ಈ ನಿಯಮ ನಡೆಯಲಿಲ್ಲ. ವೈರಿಂಗ್ ಕಲಿಯುವವನಿಗೆ ಯಾವ ಭಾಷೆಯಾದರೂ ನಡೆಯುತ್ತದೆ. ಕಥೆ ಓದುವವನಿಗೆ ತನ್ನ ಭಾಷೆಯೇ ಬೇಕು. ಅವನ್ನು ಭಾಷೆಯಂತೆ ಬೇರೆ ಇಟ್ಟೆ. ಧರ್ಮದ ಪುಸ್ತಕಗಳಿಗೆ ಒಂದೇ ಎತ್ತರದ ಒಂದೇ ಸಾಲಿನ ಖಾನೆಗಳನ್ನು ಕೊಟ್ಟೆ. ಯಾರದ್ದೂ ಯಾರ ಮೇಲೂ ಬರಬಾರದಿತ್ತು.

ಉರ್ದು ಪುಸ್ತಕ ಬಲದಿಂದ ತೆರೆಯುತ್ತದೆ. ಕನ್ನಡದ ಜೊತೆ ಬೆರೆಸಿ ನಿಲ್ಲಿಸಿದರೆ ಕೈ ಹಾಕಿದವನಿಗೆ ಒಮ್ಮೆ ಮುಂದಿನ ಹೊದಿಕೆ ಸಿಗುತ್ತದೆ, ಒಮ್ಮೆ ಹಿಂದಿನದು. ಎರಡು ದಿನ ಒದ್ದಾಡಿದ ಮೇಲೆ ದಾರಿ ಕಂಡಿತು. ಪ್ರತಿ ಖಾನೆಯಲ್ಲೂ ಕನ್ನಡ, ಮರಾಠಿ, ಹಿಂದಿ ಎಡತುದಿಯಿಂದ ಶುರು, ಉರ್ದು ಬಲತುದಿಯಿಂದ ಶುರು. ನಡುವೆ ಎಲ್ಲೋ ಸೇರಲಿ. ಫಲಕಗಳನ್ನು ಕನ್ನಡದಲ್ಲಿ ನಾನು ಬರೆದೆ, ಉರ್ದುವಿನಲ್ಲಿ ಅಮ್ಮ ಬರೆದರು. ಪರದೆಯ ಪಕ್ಕದ ಮೂಲೆಯಲ್ಲಿ, ಹಿತ್ತಲಿನಿಂದ ನೇರ ಬರಬಹುದಾದ ಕಡೆ, ಹೆಣ್ಣುಮಕ್ಕಳ ಆರೋಗ್ಯದ ಪುಸ್ತಕಗಳನ್ನು ಇಟ್ಟೆವು. ಅದಕ್ಕೆ ಫಲಕ ಬೇಡ ಎಂದರು ಅಮ್ಮ. ಅವರ ಸ್ಟೂಲು ಅಲ್ಲಿಯೇ ಉಳಿಯಿತು.

ಮೊದಲ ವಾರ ಜನ ಹೊಸ್ತಿಲಲ್ಲೇ ನಿಂತರು. ಒಳಗೆ ಬರಬಹುದೇ ಎಂದು ಕೇಳಿದರು. ಒಬ್ಬ ಶಿಕ್ಷಕರು ಕನ್ನಡವನ್ನೂ ಉರ್ದುವನ್ನೂ ಹೀಗೆ ಬೆರೆಸಬಾರದೆಂದು ಗದರಿಸಿದರು. ಎರಡು ದಿನದ ನಂತರ ಒಬ್ಬ ಹಿರಿಯ ವಕೀಲರು ಅದನ್ನೇ ಉರ್ದುವಿನಲ್ಲಿ ಹೇಳಿ ಹೋದರು. ವಾರದ ಕೊನೆಗೆ ಚೀಟಿಗೂ ಖಾನೆಗೂ ತಾಳೆ ನೋಡಿದಾಗ ಎರಡು ಪುಸ್ತಕ ಕಾಣೆ, ಅದರಲ್ಲೊಂದು ರೇಡಿಯೋ ರಿಪೇರಿಯದು. ಕೌಂಟರನ್ನು ಮತ್ತೆ ಎಳೆದು ಅಡ್ಡ ಹಾಕೋಣವೇ ಎಂದು ಒಂದು ಇಡೀ ಬೆಳಿಗ್ಗೆ ಯೋಚಿಸಿದೆ. ಹಾಕಲಿಲ್ಲ. ನನ್ನ ಪೀಠವನ್ನು ಬಾಗಿಲಿಗೆ ಹತ್ತಿರ ಸರಿಸಿಕೊಂಡೆ, ಅಷ್ಟೇ.

ಆ ಹೆಣ್ಣುಮಗಳು ಹಿತ್ತಲ ಕಡೆಯಿಂದ ಬಂದಳು. ಅಮ್ಮನ ಸ್ಟೂಲಿನ ಪಕ್ಕ ನಿಂತು, ಮೂರು ಪುಸ್ತಕಗಳನ್ನು ತೆರೆದು ನಿಧಾನವಾಗಿ ನೋಡಿ, ಒಂದನ್ನು ಆರಿಸಿದಳು. ಅದನ್ನು ಬೋರಲಾಗಿ ಕೌಂಟರಿನ ಮೇಲೆ ಇಟ್ಟಳು. ನಾನು ತಿರುಗಿಸಿ ನೋಡದೆ ಹಾಳೆಯಲ್ಲಿ ಸುತ್ತಿಕೊಟ್ಟೆ. ಈ ಸಲ ನೋಟ್‌ಬುಕ್ ಒಯ್ಯಲಿಲ್ಲ.

ಹೇಳಿದ ದಿನಕ್ಕೆ ಸರಿಯಾಗಿ ಅಳಿಯ ಬಂದರು. ಬಾಗಿಲಲ್ಲೇ ನಿಂತು ಮೊದಲು ಕೌಂಟರ್ ಇದ್ದ ಜಾಗ ನೋಡಿದರು. ಒಳಗೆ ಏಳೆಂಟು ಮಂದಿ ಗೋಡೆಗಳ ಮುಂದೆ ನಿಂತು ಪುಟ ತಿರುವುತ್ತಿದ್ದರು. “ಇವರು ಕೊಳ್ತಾರೋ, ಬರೇ ಓದಿ ಹೋಗ್ತಾರೋ?” ಎಂದು ಮೆಲ್ಲಗೆ ಕೇಳಿದರು. ಎರಡೂ ಮಾಡುತ್ತಾರೆ ಎಂದೆ. ಕಾಣೆಯಾದ ಎರಡು ಪುಸ್ತಕಗಳ ವಿಷಯವನ್ನೂ ಹೇಳಿದೆ. ಮುಚ್ಚಿಡುವುದು ಸರಿಯೆನಿಸಲಿಲ್ಲ. ನಂತರ ಅವರು ಯಾವುದಾದರೂ ಪುಸ್ತಕದ ಹೆಸರು ಹೇಳಲಿ, ಹುಡುಕಿಕೊಡುತ್ತೇನೆ ಎಂದೆ. ಅವರು ಮಾತಾಡದೆ ‘ಕೆಲಸ ಕಲಿಯಲು’ ಗೋಡೆಯ ಕಡೆಗೆ ಹೋದರು. ಬಲತುದಿಯಿಂದ ಡೀಸೆಲ್ ಪಂಪಿನ ಒಂದು ಉರ್ದು ಪುಸ್ತಕ ತೆಗೆದರು. ಚಿತ್ರಗಳನ್ನು ನೋಡಿದರು. ಗೋಡೆಗೆ ಒರಗಿದರು. ನಾನು ನಾಲ್ಕು ಗಿರಾಕಿಗಳನ್ನು ಮುಗಿಸಿ ತಿರುಗಿದಾಗಲೂ ಅಲ್ಲೇ ಓದುತ್ತಿದ್ದರು.

ಕೊನೆಗೆ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, ದಸರಾದ ತನಕ ನೋಡೋಣ ಎಂದರು. ಪರದೆಯ ಆಚೆಯಿಂದ ಅಮ್ಮ ಹೇಳಿದರು: “ದುಕಾನ ಅವರದು ಅದ. ಅವರು ಬಂದು ನೋಡ್ಲಿ. ಆಮ್ಯಾಲ ದಸರಾ, ಮೊಹರಂ ಎಲ್ಲಾ ಮಾತಾಡ್ರಿ.”

ಮರುದಿನ ಮಾಲೀಕರನ್ನು ಕುರ್ಚಿಯಲ್ಲಿ ಕೂರಿಸಿ ಅಳಿಯ ಮತ್ತು ನಾನು ಒಳಗಿನಿಂದ ಹೊತ್ತು ತಂದೆವು. ಎರಡು ತಿಂಗಳ ಮೇಲೆ ಅವರು ಅಂಗಡಿ ನೋಡಿದ್ದು. ಅವರು ಗೋಡೆಯಿಂದ ಗೋಡೆಗೆ ಕಣ್ಣು ಹಾಯಿಸಿದರು, ಫಲಕಗಳನ್ನು ಓದಿದರು. ಹೆಂಡತಿಯ ಕೈಬರಹದ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು ಆ ನೋಟ. ಆಮೇಲೆ ಎಡಗೈಯಿಂದ ತಳದ ಒಂದು ಖಾನೆ ತೋರಿಸಿದರು. ಕುರ್ಚಿಯನ್ನು ಅಲ್ಲಿಗೆ ಸರಿಸಿದೆವು.

ಅದು ಚಿಕ್ಕ ಮಕ್ಕಳ ಖಾನೆ. ಬಾಲಬೋಧೆಗಳ ನಡುವೆ, ದೊಡ್ಡವರು ಅಕ್ಷರ ಕಲಿಯುವ ತೆಳ್ಳನೆಯ ಪುಸ್ತಕದ ಐದು ಪ್ರತಿಗಳನ್ನು ನಾನು ಇಟ್ಟಿದ್ದೆ. ಅಕ್ಷರ ಎಲ್ಲರಿಗೂ ಒಂದೇ ಎಂಬುದು ನನ್ನ ಲೆಕ್ಕ. ಮಾಲೀಕರು ಒಂದು ಪ್ರತಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಎರಡನೆಯದು. ಸಹಾಯಕ್ಕೆ ನಾನು ಬಗ್ಗಿದೆ. ಅಮ್ಮ ಪರದೆ ಸರಿಸಿ, ಬೇಡವೆಂದು ತಲೆಯಾಡಿಸಿದರು. ಐದೂ ಮಡಿಲಿಗೆ ಬಂದ ಮೇಲೆ ‘ಕೆಲಸ ಕಲಿಯಲು’ ಗೋಡೆಯ ಕಡೆ ಕೈ ತೋರಿಸಿದರು. ಅಲ್ಲಿ, ಲಾರಿ ಲೈಸೆನ್ಸಿನ ಪುಸ್ತಕದ ಪಕ್ಕದಲ್ಲಿ, ಒಂದೊಂದಾಗಿ ನಿಲ್ಲಿಸಿದರು. ಮೂರನೆಯದು ಜಾರಿ ಬಿತ್ತು. ಅದನ್ನು ಎತ್ತಿಕೊಡಲು ಮಾತ್ರ ನನಗೆ ಅವಕಾಶ ಸಿಕ್ಕಿತು. ಮುಗಿದ ಮೇಲೆ ನನ್ನ ಕಡೆ ತಿರುಗಿ, ಬಹಳ ಪ್ರಯಾಸದಿಂದ, “ಹಾಂ” ಎಂದರು. ಅಳಿಯ ದಸರಾದ ಮಾತನ್ನು ಮತ್ತೆ ಎತ್ತಲಿಲ್ಲ. ವಾಡಿಗೆ ಹೋಗುವ ಮುನ್ನ ನನ್ನನ್ನು ಕರೆದು, ಎತ್ತರದ ಪುಸ್ತಕಗಳಿಗೆ ಕಬ್ಬಿಣದ ಒಂದು ಕಪಾಟು ಕಳಿಸುತ್ತೇನೆ, ಅಳತೆ ತೆಗೆದಿಡಿ ಎಂದರು.

ಆ ವಾರದಲ್ಲೇ ಕಲ್ಲು ಒಡೆಯುವ ಒಬ್ಬರು ಬಂದರು. ನಲವತ್ತು ದಾಟಿದ ಮನುಷ್ಯ. ತಲೆಯ ರುಮಾಲಿನ ಮೇಲೆ, ಹುಬ್ಬಿನ ಮೇಲೆ ಬಿಳಿ ಧೂಳು. ಯಾರನ್ನೂ ಏನೂ ಕೇಳದೆ ‘ಕೆಲಸ ಕಲಿಯಲು’ ಗೋಡೆಯ ಮುಂದೆ ನಿಂತು, ಮೊದಲು ಲಾರಿಯ ಚಿತ್ರವಿದ್ದ ಪುಸ್ತಕ ತೆಗೆದರು, ಇಟ್ಟರು. ಆಮೇಲೆ ಪಕ್ಕದ ತೆಳ್ಳನೆಯ ಪುಸ್ತಕ ತೆಗೆದು ನನ್ನ ಬಳಿ ಬಂದು, ತಮ್ಮನಿಗೆ ಬೇಕಾಗಿತ್ತು ಎಂದರು. ನಾನು ಹೂಂ ಎಂದೆ. ಅವರು ಹೋಗಲಿಲ್ಲ.

“ಇದರಾಗ ಹೆಸರು ಬರಿಯೋದು ಎಷ್ಟನೇ ಪಾಠಕ್ಕ ಬರ್ತದ್ರಿ?”

ಪುಸ್ತಕದಲ್ಲಿ ಹಾಗೆ ಪಾಠವಿರಲಿಲ್ಲ. ಹೆಸರು ಏನೆಂದು ಕೇಳಿದೆ. ಅವರು ‘ನನ್ನ ಹೆಸರು’ ಎಂದೇ ಶುರುಮಾಡಿ, ತಮ್ಮನದಲ್ಲ, ತಮ್ಮದೇ ಹೆಸರು ಹೇಳಿದರು. ಹೇಳಿಬಿಟ್ಟಮೇಲೆ ಅದು ಇಬ್ಬರಿಗೂ ತಿಳಿಯಿತು. ನಾವು ಪುಸ್ತಕವನ್ನು ಕೌಂಟರಿನ ಮೇಲೆ ತೆರೆದು ಆ ಹೆಸರಿನ ಅಕ್ಷರಗಳನ್ನು ಹುಡುಕಿದೆವು. ಮೊದಲನೆಯದು ಐದನೆಯ ಪಾಠದಲ್ಲಿ ಸಿಕ್ಕಿತು, ಎರಡನೆಯದು ಏಳರಲ್ಲಿ. ಕೊನೆಯದಕ್ಕೆ ಒತ್ತು ಇತ್ತು. ಒತ್ತಕ್ಷರಗಳು ಕಟ್ಟಕಡೆಯ ಪಾಠದಲ್ಲಿದ್ದವು. ಅವರು ಆ ಪುಟದ ಮೇಲೆ ಬೆರಳಿಟ್ಟು, ಹಿಂದಿನ ಪುಟಗಳ ದಪ್ಪವನ್ನು ಇನ್ನೊಂದು ಕೈಯಿಂದ ಹಿಡಿದು ನೋಡಿದರು.

“ಅಂದ್ರ ಪೂರಾ ಪುಸ್ತಕ ಮುಗಿಸಬೇಕು.”

ಹೌದು ಎಂದೆ.

“ಮುಗಸ್ತೀನಿ ತಗೋರಿ,” ಎಂದರು.